ಹಳದಿ ಸಿಂಕಿಗೆ, ಬೆಣ್ಣೆ ಬಾಣಲೆಗೆ

ಗುಂಪು: ಮನೆ ಮಂದಿ

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) ಎಲ್ಲರೂ ನೋಡಿ. ಸ್ಕ್ರ್ಯಾಂಬಲ್ಡ್ ಎಗ್, ಐದು ಮೊಟ್ಟೆ, ಬರೀ ಬಿಳಿ ಭಾಗ. ನಾಳೆಯಿಂದ ನನಗೂ ಇದೇ ತಿಂಡಿ.

ಅಕ್ಕ: ನೋಡಿದೆ. ಐದು ಹಳದಿಯನ್ನೂ ಸಿಂಕಿಗೆ ಸುರಿದಳು, ಪುಣ್ಯಾತ್ಗಿತ್ತಿ. ಹೊಟ್ಟೆ ಉರಿಯಿತು.

ಚಿಕ್ಕಪ್ಪ: ಕೊಬ್ಬೆಲ್ಲ ಹಳದಿಯಲ್ಲೇ ಅಲ್ವಾ? ಒಂದರಲ್ಲಿ ಸುಮಾರು 185 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುತ್ತದೆ. ನನ್ನ ರಿಪೋರ್ಟ್ ಮರೆತುಬಿಟ್ಟೆಯಾ?

ನಾನು: ಮರೆತಿಲ್ಲ. ವಿಡಿಯೊ ಸ್ವಲ್ಪ ಹಿಂದಕ್ಕೆ ಎಳೆಯಿರಿ. ಬಾಣಲೆಗೆ ಬಿದ್ದ ಬೆಣ್ಣೆ ನೋಡಿದಿರಾ? ಎರಡು ದೊಡ್ಡ ಚಮಚ. ಅಂದರೆ 200 ಕ್ಯಾಲೊರಿ, ಅದರಲ್ಲಿ ರಕ್ತದ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು 14 ಗ್ರಾಂ. ಸಿಂಕಿಗೆ ಹೋದ ಐದು ಹಳದಿಯಲ್ಲಿ ಒಟ್ಟು 8 ಗ್ರಾಂ ಇತ್ತು ಅಷ್ಟೇ.

ತಮ್ಮ: 😂😂

ಚಿಕ್ಕಪ್ಪ: ಬೆಣ್ಣೆ ನಾನು ಕಡಿಮೆ ಹಾಕಿಕೊಳ್ಳುತ್ತೇನೆ ಬಿಡು.

ತಮ್ಮ: ಬರೀ ಬಿಳಿ ಬೇಡ ಚಿಕ್ಕಪ್ಪ. ಹೋದ ತಿಂಗಳು ಮಾಡಿದ್ದೆ. ಅಗಿದರೆ ರಬ್ಬರ್, ತಟ್ಟೆ ತುಂಬಾ ನೀರು.

ನಾನು: ಅದು ಉರಿ ಜಾಸ್ತಿಯಾಗಿ ಆದದ್ದು. ಬಿಸಿ ಹೆಚ್ಚಾದರೆ ಮೊಟ್ಟೆಯ ಪ್ರೊಟೀನ್ ಬಟ್ಟೆ ಹಿಂಡಿದ ಹಾಗೆ ಬಿಗಿಯುತ್ತದೆ. ಒಳಗಿದ್ದ ನೀರು ಆಚೆ ಬರುತ್ತದೆ.

ಅತ್ತೆ: ಹಾಗಾದರೆ ನೀನು ಹೇಗೆ ಮಾಡುತ್ತೀಯ? ಸುಮ್ನೆ ಲೆಕ್ಕ ಹೇಳಬೇಡ.

ನಾನು: ಒಂದು ಇಡೀ ಮೊಟ್ಟೆ, ಜೊತೆಗೆ ಎರಡರ ಬಿಳಿ. ಉಪ್ಪು ಹಾಕಿ ಕಲಕಿ ಹತ್ತು ನಿಮಿಷ ಬಿಡುತ್ತೇನೆ. ಮೆತ್ತಗೆ ಬರುತ್ತದೆ. ನಾನ್‌ಸ್ಟಿಕ್ ಬಾಣಲೆಗೆ ಒಂದು ಸಣ್ಣ ಚಮಚ ಎಣ್ಣೆ, ಸಣ್ಣ ಉರಿ. ಸುರಿದಾಗ ಚೊಯ್ ಅನ್ನಬಾರದು. ಚೊಯ್ ಅಂದರೆ ಬಾಣಲೆ ಕೆಳಗಿಳಿಸಿ. ಅಂಚು ಬಿಳಿಯಾಗುತ್ತಾ ಬಂದ ಹಾಗೆ ಸೌಟಿನಿಂದ ನಿಧಾನಕ್ಕೆ ಮಧ್ಯಕ್ಕೆ ತಳ್ಳುತ್ತಾ ಹೋಗಿ. ಇನ್ನೂ ಸ್ವಲ್ಪ ಪಸೆ ಇದೆ ಅನ್ನುವಾಗ ಸ್ಟವ್ ಆರಿಸಿ. ಉಳಿದದ್ದು ಬಾಣಲೆಯ ಬಿಸಿಗೇ ಬೇಯುತ್ತದೆ. ಲೋಳೆ ಮಾತ್ರ ಉಳಿಯಬಾರದು. ಎಲ್ಲಾ ಸೇರಿ ಸುಮಾರು 150 ಕ್ಯಾಲೊರಿ. ವಿಡಿಯೊದ್ದು 285.

ಚಿಕ್ಕಪ್ಪ: ಅವಳದರಲ್ಲಿ ಪ್ರೊಟೀನ್ 18 ಗ್ರಾಂ. ನಿನ್ನದರಲ್ಲಿ?

ನಾನು: 13 ಚಿಲ್ಲರೆ. ಅದರಲ್ಲಿ ನೀವೇ ಗೆದ್ದಿರಿ. ಬೇಕಿದ್ದರೆ ಇನ್ನೊಂದು ಬಿಳಿ ಸೇರಿಸಿ. ಆದರೆ ಬಿ12, ವಿಟಮಿನ್ ಡಿ, ಕೋಲೀನ್‌ನಂಥ ಪೋಷಕಾಂಶ ಬಹುಪಾಲು ಹಳದಿಯಲ್ಲೇ ಇರೋದು. ವಾರಕ್ಕೆ ಎಷ್ಟು ಹಳದಿ ಅಂತ ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ನನ್ನ ಹತ್ತಿರವೂ ಬೇಡ, ಆ ವಿಡಿಯೊ ಹತ್ತಿರವೂ ಬೇಡ.

ಅತ್ತೆ: ಕ್ರೀಮ್ ಇಲ್ಲದೆ ಮೃದು ಬರಲ್ಲ ಕಣೋ.

ನಾನು: ಬರುತ್ತದೆ ಅತ್ತೆ, ಉರಿ ಸಣ್ಣ ಇಟ್ಟರೆ. ಬೇಕಾದರೆ ಒಂದು ಚಮಚ ಹಾಲು ಹಾಕಿ.

ಅಕ್ಕ: ಟೊಮೆಟೊ, ಪಾಲಕ್, ಅಣಬೆ?

ನಾನು: ಮೊದಲು ಬೇರೆ ಹುರಿದು ನೀರು ಹೋಗಿಸಿ, ಕೊನೆಗೆ ಸೇರಿಸು. ಹಸಿಯದೇ ಹಾಕಿದರೆ ತಮ್ಮನ ತಟ್ಟೆಯ ಕತೆಯೇ.

(ಮಾರನೆಯ ದಿನ, ಬೆಳಿಗ್ಗೆ 7:52)

ಚಿಕ್ಕಪ್ಪ: (ಫೋಟೊ) ಒಂದು ಇಡೀ ಮೊಟ್ಟೆ, ಮೂರು ಬಿಳಿ. ಅಂಚು ಸ್ವಲ್ಪ ಕಂದಿದೆ. ಫೋನ್ ಬಂತು.

ಅತ್ತೆ: ಚೆನ್ನಾಗೇ ಕಾಣುತ್ತದೆ. ಬೆಣ್ಣೆ?

ಚಿಕ್ಕಪ್ಪ: ಇಲ್ಲ. ಆಣೆ.

ಚಿಕ್ಕಮ್ಮ: ಬೆಣ್ಣೆ ಇರಲಿ, ಇಲ್ಲಿ ಲೋಟದಲ್ಲಿ ಮೂರು ಹಳದಿ ನನ್ನನ್ನೇ ನೋಡುತ್ತಾ ಕೂತಿವೆ. ಏನು ಮಾಡಲಿ?

ನಾನು: ಮೇಲೆ ಸ್ವಲ್ಪ ತಣ್ಣೀರು ಹಾಕಿ ಮುಚ್ಚಿ ಫ್ರಿಜ್‌ನಲ್ಲಿಡಿ. ಎರಡು ದಿನದೊಳಗೆ ಬಳಸಿ.

ಚಿಕ್ಕಮ್ಮ: ನಾಳೆ ಇವರು ಮತ್ತೆ ಮೂರು ಉಳಿಸುತ್ತಾರಲ್ಲಪ್ಪ.