ರಿಲ್ಯಾಕ್ಸೇಶನ್: ಸಡಿಲಿಕೆಯೋ, ಸವರಿಕೆಯೋ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಾನು ಪಾಠ ಹೇಳುವ ಹುಡುಗರಿಗೆ ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಕೋಡಿಗೆ ಬದಲಿಸುವ ಸಾಧನ) ಬಗ್ಗೆ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂಡಿ ನಿಂತಿದೆ. ಸುಮ್ನೆ ರಿಲ್ಯಾಕ್ಸೇಶನ್ ಅಂತಲೇ ಬಿಟ್ಟಿದ್ದೆ, ಒಬ್ಬ ಹುಡುಗ "ಸರ್, ಲಿಂಕರ್ ಯಾವಾಗ ರೆಸ್ಟ್ ತಗೊಳ್ಳುತ್ತೆ?" ಅಂದ. (ಲಿಂಕರ್ ಅಂದರೆ ಬೇರೆ ಬೇರೆ ಫೈಲಿನ ಕೋಡನ್ನು ಜೋಡಿಸಿ ಒಂದೇ ಪ್ರೋಗ್ರಾಂ ಮಾಡುವ ಸಾಧನ.)

ವಿಷಯ ಇದು. ಎಕ್ಸ್‌86 ಬಗೆಯ ಪ್ರೊಸೆಸರಿನಲ್ಲಿ ಜಂಪ್ (ಕೋಡಿನ ಬೇರೆ ಜಾಗಕ್ಕೆ ಹಾರು ಅನ್ನುವ ಆದೇಶ) ಹತ್ತಿರಕ್ಕಾದರೆ, ಅಂದರೆ ಹಿಂದೆ 128, ಮುಂದೆ 127 ಬೈಟ್ ಒಳಗೆ, 2 ಬೈಟ್ ಸಾಕು. ದೂರಕ್ಕೆ 5 ಬೇಕು, ಷರತ್ತು ಇರುವ ಜಂಪ್ ಆದರೆ 6. ಇಂಥ ಆದೇಶಗಳನ್ನು ಬೈಟ್‌ಗಳಾಗಿ ಬದಲಿಸುವ ಗ್ನೂ ಅಸೆಂಬ್ಲರ್ ಮೊದಲು ಎಲ್ಲವೂ 2 ಅಂದುಕೊಂಡು, ಎಟುಕದ್ದನ್ನು ಮಾತ್ರ ಹಿಗ್ಗಿಸುತ್ತದೆ. ಒಂದು ಹಿಗ್ಗಿದರೆ ಅದನ್ನು ದಾಟಿ ಹೋಗುವ ಇನ್ನೊಂದು ಜಂಪಿಗೂ ದೂರ ಜಾಸ್ತಿಯಾಗಿ ಅದೂ ಹಿಗ್ಗಬೇಕಾಗಬಹುದು, ಹಾಗಾಗಿ ಯಾವುದೂ ಬದಲಾಗದ ತನಕ ಮತ್ತೆ ಮತ್ತೆ ನೋಡುತ್ತಲೇ ಇರುತ್ತದೆ. ಇದೇ ರಿಲ್ಯಾಕ್ಸೇಶನ್. ಇದಕ್ಕೆ ‘ಸಡಿಲಿಕೆ’ ಒಪ್ಪುತ್ತದೆ, ಊಟ ಆದ ಮೇಲೆ ಬೆಲ್ಟ್ ಸಡಿಲ ಮಾಡಿದ ಹಾಗೆ.

ತಕರಾರು ಇರುವುದು ರಿಸ್ಕ್-ಫೈವ್ ಅನ್ನುವ ಇನ್ನೊಂದು ಬಗೆಯ ಪ್ರೊಸೆಸರಿನಲ್ಲಿ. ಬೇರೆ ಫೈಲಿನ ಫಂಕ್ಷನ್ ಎಷ್ಟು ದೂರವೋ ಗೊತ್ತಿಲ್ಲದೆ, ಅದನ್ನು ಕರೆಯಲು ಎರಡು ಇನ್‌ಸ್ಟ್ರಕ್ಷನ್ (ಆದೇಶ), 8 ಬೈಟ್ ಇಟ್ಟಿರುತ್ತಾರೆ. ಆಮೇಲೆ ಲಿಂಕರ್ ದೂರ ಅಳೆದು, ಆಚೀಚೆ 1 ಎಂಬಿ ಒಳಗಿದ್ದರೆ ಒಂದೇ ಇನ್‌ಸ್ಟ್ರಕ್ಷನ್ ಉಳಿಸುತ್ತದೆ. 4 ಬೈಟ್. ಇದಕ್ಕೂ ರಿಲ್ಯಾಕ್ಸೇಶನ್ ಅಂತಲೇ ಹೆಸರು! ಬಿಗಿ ಮಾಡುವುದನ್ನು ಸಡಿಲಿಕೆ ಅಂತ ಬರೆಯುವುದು ಹೇಗೆ?

‘ಕುಗ್ಗಿಸು’ ಅಂದರೆ ನನಗೆ ಮನಸ್ಸು ಕುಗ್ಗಿದ್ದೇ ನೆನಪಾಗುತ್ತದೆ. ‘ಅಡಕ’ ಒಳ್ಳೆಯ ಪದ, ಸಿಡಿಗೆ ಅಡಕ ಮುದ್ರಿಕೆ ಅಂತ ಬರೆಯುತ್ತಿದ್ದರಲ್ಲ. ಆದರೆ ಅದು ಕೆಲಸ ಮುಗಿದ ಮೇಲಿನ ಕೋಡಿಗೆ ಸರಿ, ಕೆಲಸಕ್ಕೆ ಅಲ್ಲ.

ಹೋದ ವಾರ ಮಂಡ್ಯದ ಹತ್ತಿರ ನಮ್ಮೂರಲ್ಲಿ ಕಬ್ಬು ಕಡಿಯುತ್ತಿದ್ದರು. ಚಿಕ್ಕಪ್ಪ ಆಳುಗಳಿಗೆ "ಸೋಗೆ ಸವರಿ ಹೊರೆ ಕಟ್ರೋ, ಲಾರೀಲಿ ಜಾಗ ಸಾಲಲ್ಲ" ಅಂತ ಕೂಗಿದರು. ಜಲ್ಲೆಗೆ ಏನೂ ಆಗಿಲ್ಲ, ಬೇಡದ್ದು ಮಾತ್ರ ಹೋಯಿತು. ಲಿಂಕರ್ ಮಾಡುವುದೂ ಅದೇ ಅಲ್ವಾ? ‘ಸವರಿಕೆ’ ಅಂತ ಬರೆದುಕೊಂಡೆ.

ಒಂದೇ ಅನುಮಾನ. ರೊಟ್ಟಿಗೆ ಬೆಣ್ಣೆ ಸವರುತ್ತೇವೆ, ಮಗುವಿನ ತಲೆಯನ್ನೂ ಸವರುತ್ತೇವೆ. ಧಾರವಾಡ, ಮಂಗಳೂರು ಕಡೆಯವರಿಗೆ ‘ಸವರು’ ಅಂದರೆ ಕತ್ತರಿಸುವ ಅರ್ಥ ತಟ್ಟನೆ ಬರುತ್ತದಾ? ಹಿಗ್ಗುವುದಕ್ಕೆ ಸಡಿಲಿಕೆ, ಕಿರಿದಾಗುವುದಕ್ಕೆ ಸವರಿಕೆ ಅಂತ ಎರಡು ಪದ ಇಡೋಣ ಅಂತ ನನಗೆ. ಇಂಗ್ಲಿಷಿನವರು ಒಂದರಲ್ಲೇ ಮುಗಿಸಿದ್ದಾರೆ ಅಂತ ನಾವೂ ಹಾಗೇ ಮಾಡಬೇಕಾ?