ಸೆನ್ಸರ್ ಬದಲಿಸಿದರೂ ಇಎಸ್‌ಸಿ ದೀಪ ಮತ್ತೆ ಹತ್ತುತ್ತಿದೆ, ಎಲ್ಲಿ ಹುಡುಕಬೇಕು?

ಪ್ರಶ್ನೆ:
ಕಾರಿನ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಇಎಸ್‌ಸಿ (ಗಾಡಿ ಜಾರದಂತೆ ಹಿಡಿತ ಕಾಯುವುದು) ದೀಪಗಳು ಒಟ್ಟಿಗೆ ಹತ್ತಿ ಹಾಗೇ ಉಳಿಯುತ್ತವೆ. ಸ್ಕ್ಯಾನರ್‌ನಲ್ಲಿ ಸಿ0035 ಕೋಡ್ ಬಂತು, ಅಂದರೆ ಮುಂದಿನ ಎಡ ಚಕ್ರದ ಸ್ಪೀಡ್ ಸೆನ್ಸರ್. ಹೊಸ ಸೆನ್ಸರ್ ಹಾಕಿ ಕೋಡ್ ಅಳಿಸಿದೆ, ಎರಡೇ ದಿನಕ್ಕೆ ಅದೇ ಕೋಡ್ ವಾಪಸ್. ದೀಪ ಆರಿದ್ದಾಗ ಇನ್ನೊಂದು ತೊಂದರೆ: ಗಾಡಿ ಇನ್ನೇನು ನಿಲ್ಲಬೇಕು ಅನ್ನುವಾಗ ಬ್ರೇಕ್ ಪೆಡಲ್ ಗಡಗಡ ಅಂತ ಕಾಲಿಗೆ ಒದೆಯುತ್ತದೆ, ಒಣ ರಸ್ತೆಯಲ್ಲೂ. ಹೊಸ ಸೆನ್ಸರೇ ಕೆಟ್ಟಿದೆಯಾ, ‘ಯಾ ರೇಟ್’ (yaw rate, ಗಾಡಿ ಎಷ್ಟು ಬೇಗ ಎಡ-ಬಲಕ್ಕೆ ತಿರುಗುತ್ತಿದೆ ಅಂತ ಅಳೆಯುವ) ಸೆನ್ಸರ್ ನೋಡಬೇಕಾ, ಇಲ್ಲ ಎಬಿಎಸ್ ನಿಯಂತ್ರಿಸುವ ಮಾಡ್ಯೂಲೇ ಹೋಗಿದೆಯಾ?

ಉತ್ತರ 1:
ಮಾಡ್ಯೂಲ್ ಮೇಲೆ ಈಗಲೇ ಅನುಮಾನ ಬೇಡ. ಈ ಕೋಡ್ ಹೇಳುವುದು ಆ ಚಕ್ರದ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ ಅಂತ ಮಾತ್ರ. ಸೆನ್ಸರ್, ವೈರ್, ಕನೆಕ್ಟರ್, ಚಕ್ರದ ಜೊತೆ ತಿರುಗುತ್ತಾ ಸೆನ್ಸರ್‌ಗೆ ವೇಗ ತಿಳಿಸುವ ರಿಂಗ್ ಎಲ್ಲವೂ ಅದರಲ್ಲಿ ಸೇರಿವೆ.

ಪೆಡಲ್ ಒದೆಯುವುದು ದೊಡ್ಡ ಸುಳಿವು. ವೇಗ ಇಳಿಯುತ್ತಾ ಒಂದು ಚಕ್ರದ ಸಿಗ್ನಲ್ ಮಿಕ್ಕ ಮೂರಕ್ಕಿಂತ ಮೊದಲೇ ಸತ್ತುಹೋದರೆ, ಚಕ್ರ ಲಾಕ್ ಆಯ್ತು ಅಂದುಕೊಂಡು ಮಾಡ್ಯೂಲ್ ಬ್ರೇಕ್ ಒತ್ತಡ ಬಿಡುತ್ತದೆ. ವೈರ್ ಪೂರ್ತಿ ತುಂಡಾಗಿದ್ದರೆ ಹೀಗಾಗುವುದಿಲ್ಲ. ಆಗ ಇಗ್ನಿಷನ್ ಹಾಕಿದ ಕೂಡಲೇ ದೀಪ ಹತ್ತಿ ಎಬಿಎಸ್ ಕೆಲಸ ನಿಲ್ಲಿಸಿರುತ್ತದೆ.

ಹಾಗಾಗಿ ಮೊದಲು ಲೈವ್ ಡೇಟಾ, ಅಂದರೆ ಗಾಡಿ ಓಡುವಾಗಲೇ ಸ್ಕ್ಯಾನರ್ ತೋರಿಸುವ ಅಂಕಿಗಳನ್ನು ನೋಡಿ. ಇಂಜಿನ್ ಕೋಡ್ ಮಾತ್ರ ಓದುವ ಸಣ್ಣ ರೀಡರ್ ಸಾಲದು, ಎಬಿಎಸ್ ಮಾಡ್ಯೂಲ್ ಓದುವ ಸ್ಕ್ಯಾನರ್ ಬೇಕು. ಖಾಲಿ ನೇರ ರಸ್ತೆಯಲ್ಲಿ 30 ಕಿ.ಮೀ. ವೇಗಕ್ಕೆ ಹೋಗಿ ನಿಧಾನವಾಗಿ ನಿಲ್ಲಿಸಿ. ಪಕ್ಕದಲ್ಲಿ ಕೂತವರು ನಾಲ್ಕೂ ಚಕ್ರದ ಅಂಕಿ ಗಮನಿಸಲಿ. ಒಂದು ಚಕ್ರ ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿ ಹೆಚ್ಚು ತೋರಿಸಿದರೆ ಟೈರ್ ಗಾಳಿ, ಅಳತೆ, ಸವೆತ ನೋಡಿ. ನಡುನಡುವೆ ಸೊನ್ನೆಗೆ ಜಿಗಿದರೆ ವೈರ್ ಅಥವಾ ಕನೆಕ್ಟರ್. ಕಡಿಮೆ ವೇಗದಲ್ಲಿ ಮಾತ್ರ ಬಿದ್ದರೆ ರಿಂಗ್ ಅಥವಾ ಸೆನ್ಸರ್‌ಗೂ ರಿಂಗ್‌ಗೂ ನಡುವಿನ ಗ್ಯಾಪ್.

ಉತ್ತರ 2:
ಮಲ್ಟಿಮೀಟರ್ ಹಿಡಿಯುವ ಮುನ್ನ ನಿಮ್ಮದು ಯಾವ ಬಗೆಯ ಸೆನ್ಸರ್ ಅಂತ ತಿಳಿದುಕೊಳ್ಳಿ. ಹಳೇ ಕಾಯಿಲ್ ಬಗೆಯದಾದರೆ ಸಾಮಾನ್ಯವಾಗಿ 800ರಿಂದ 2000 ಓಮ್ ತೋರಿಸುತ್ತದೆ, ಚಕ್ರ ಕೈಯಲ್ಲಿ ತಿರುಗಿಸಿದರೆ ಸಣ್ಣ ಎಸಿ ವೋಲ್ಟೇಜ್ ಕೂಡ ಬರುತ್ತದೆ. ಈಗಿನ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಆಕ್ಟಿವ್ ಸೆನ್ಸರ್. ಎರಡೇ ವೈರ್ ಇದ್ದರೂ ಒಳಗೆ ಚಿಪ್ ಇದೆ, ಸಿಗ್ನಲ್ ಸುಮಾರು 7 ಮತ್ತು 14 ಮಿಲಿಆಂಪ್ ನಡುವೆ ಬದಲಾಗುವ ಕರೆಂಟ್. ಅದಕ್ಕೆ ಓಮ್ ಅಳೆದು ಪ್ರಯೋಜನವಿಲ್ಲ. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಹಾಕಿ, ಗಾಡಿ ಕಡೆಯ ಎರಡು ಪಿನ್‌ಗಳ ನಡುವೆ ವೋಲ್ಟೇಜ್ ನೋಡಿ. ಬಹಳಷ್ಟು ಗಾಡಿಗಳಲ್ಲಿ ಬ್ಯಾಟರಿಗೆ ಹತ್ತಿರದ ಅಂಕಿ ಬರಬೇಕು. ದೋಷ ಕಂಡ ಕೂಡಲೇ ಕೆಲವು ಮಾಡ್ಯೂಲ್‌ಗಳು ಈ ಸಪ್ಲೈ ಕಡಿದುಬಿಡುತ್ತವೆ, ಅದಕ್ಕೇ ಮೀಟರ್ ಜೋಡಿಸಿಟ್ಟುಕೊಂಡೇ ಕೀ ತಿರುಗಿಸಿ.

ವೈರ್ ಪರೀಕ್ಷೆಗೆ ಇಗ್ನಿಷನ್ ಆಫ್ ಮಾಡಿ ಎರಡೂ ತುದಿ ಬಿಚ್ಚಿ. ಮೀಟರ್ ಹಾಕಿಕೊಂಡೇ, ಸ್ಟೀರಿಂಗ್ ತಿರುಗಿಸಿದಾಗ ಬಳುಕುವ ಜಾಗದಲ್ಲಿ ವೈರನ್ನು ಬಗ್ಗಿಸಿ, ಎಳೆದು ನೋಡಿ. ಹೊರಗಿನ ರಬ್ಬರ್ ಚೆನ್ನಾಗಿ ಕಂಡರೂ ಒಳಗೆ ತಾಮ್ರದ ಎಳೆಗಳು ತುಂಡಾಗಿರಬಹುದು.

ಪ್ರಶ್ನೆ ಕೇಳಿದವರು:
ನೋಡಿದೆ. 8 ಕಿ.ಮೀ.ಗಿಂತ ಕೆಳಗೆ ಎಡ ಮುಂದಿನದು ಸೊನ್ನೆ, ಮಿಕ್ಕ ಮೂರು 3ರವರೆಗೂ ತೋರಿಸುತ್ತವೆ. ವೈರ್ ಬಗ್ಗಿಸಿದರೂ ಓಮ್ ಕದಲಲಿಲ್ಲ. ಸ್ಟೀರಿಂಗ್ ಆ್ಯಂಗಲ್ (ಸ್ಟೀರಿಂಗ್ ಎಷ್ಟು ತಿರುಗಿದೆ ಅನ್ನುವ ಅಂಕಿ) ನೇರ ರಸ್ತೆಯಲ್ಲಿ 7 ಡಿಗ್ರಿ ತೋರಿಸುತ್ತಿದೆ, ಅದೂ ತಪ್ಪಾ?

ಉತ್ತರ 1:
ಹಾಗಿದ್ದರೆ ಗ್ಯಾಪ್ ಅಥವಾ ರಿಂಗ್. ಸೆನ್ಸರ್ ಬಿಚ್ಚಿ ಅದು ಕೂರುವ ಗುಂಡಿ ನೋಡಿ. ಅಂಚಿನಲ್ಲಿ ತುಕ್ಕು ಉಬ್ಬಿ ಸೆನ್ಸರನ್ನು ಅರ್ಧ ಮಿಲಿಮೀಟರ್ ಎತ್ತಿದರೂ ಸಿಗ್ನಲ್ ಸೊರಗುತ್ತದೆ. ಹೊಸ ಸೆನ್ಸರ್ ಹಾಕಿಯೂ ಫಲ ಸಿಗದಿರುವುದಕ್ಕೆ ಇದೇ ಕಾರಣವಿರಬಹುದು. ಸಣ್ಣ ವೈರ್ ಬ್ರಷ್‌ನಲ್ಲಿ ತುಕ್ಕು ತೆಗೆಯಿರಿ, ಪುಡಿ ಒಳಗೆ ಬೀಳದಂತೆ ಒರೆಸಿ. ಸೆನ್ಸರ್ ಬೆರಳಲ್ಲಿ ಒತ್ತಿದರೇ ಪೂರ್ತಿ ಕೂರಬೇಕು, ಸುತ್ತಿಗೆ ಮುಟ್ಟಿಸಬೇಡಿ.

ಗುಂಡಿ ಚೊಕ್ಕಟವಾಗಿದ್ದರೆ ಬೇರಿಂಗ್ ಸೀಲ್‌ನಲ್ಲಿರುವ ಮ್ಯಾಗ್ನೆಟಿಕ್ ರಿಂಗ್ ಪರೀಕ್ಷಿಸಿ. ಕಾಂತಕ್ಷೇತ್ರ ತೋರಿಸುವ ಹಸಿರು ಕಾರ್ಡನ್ನು ಅದರ ಮೇಲಿಟ್ಟರೆ ಸಮ ಅಂತರದ ಗೆರೆಗಳು ಮೂಡುತ್ತವೆ. ಎಲ್ಲಾದರೂ ಗೆರೆ ಅಳಿಸಿದ್ದರೆ, ಮಸುಕಾಗಿದ್ದರೆ ಬೇರಿಂಗ್ ಬದಲಿಸಬೇಕು. ಹೊಸದನ್ನು ಕೂರಿಸುವಾಗ ಕಾಂತದ ಮುಖ ಸೆನ್ಸರ್ ಕಡೆಗೇ ಇರಲಿ. ತಿರುಗುಮುರುಗಾದರೆ ಸಿಗ್ನಲ್ಲೇ ಬರುವುದಿಲ್ಲ, ಒತ್ತಿ ಕೂರಿಸಿದ್ದನ್ನು ಮತ್ತೆ ತೆಗೆದರೆ ಬೇರಿಂಗ್ ಹಾಳು.

ಉತ್ತರ 3:
ಸ್ಟೀರಿಂಗ್ ಆ್ಯಂಗಲ್ ವಿಷಯ ಬೇರೆ, ಅದರಿಂದ ಸಿ0035 ಬರುವುದಿಲ್ಲ. ನೇರ ಹೋಗುವಾಗ ಸ್ಟೀರಿಂಗ್ ಕೂಡ ನೇರವಾಗಿದೆಯಾ ನೋಡಿ. ವಾರೆ ಇದ್ದರೆ ಮೊದಲು ಚಕ್ರದ ಅಲೈನ್‌ಮೆಂಟ್, ಆಮೇಲೆ ಸ್ಕ್ಯಾನರ್‌ನಲ್ಲಿ ಆ್ಯಂಗಲ್ ಕ್ಯಾಲಿಬ್ರೇಷನ್ (ನೇರ ಸ್ಥಿತಿಯನ್ನು ಸೊನ್ನೆ ಎಂದು ಕಲಿಸುವುದು). ‘ಯಾ ರೇಟ್’ ಸೆನ್ಸರ್‌ನ ಅಂಕಿ ಗಾಡಿ ನಿಂತಾಗ ಸೊನ್ನೆಯ ಆಸುಪಾಸಲ್ಲಿದ್ದು, ಎಡಕ್ಕೂ ಬಲಕ್ಕೂ ತಿರುಗಿದಾಗ ಅದರ ಪ್ಲಸ್-ಮೈನಸ್ ಚಿಹ್ನೆ ಬದಲಾದರೆ ಆ ಸೆನ್ಸರ್ ತಂಟೆಗೆ ಹೋಗಬೇಡಿ.

ಕೋಡ್ ಅಳಿಸಿದ ಮೇಲೆ ದೀಪ ಕೂಡಲೇ ಆರದಿದ್ದರೆ ಗಾಬರಿ ಬೇಡ. ಬಹಳ ಗಾಡಿಗಳಲ್ಲಿ ಸ್ವಲ್ಪ ದೂರ ಓಡಿಸಿ, ಚಕ್ರದ ಸಿಗ್ನಲ್ ಸರಿಯಿದೆ ಅಂತ ಮಾಡ್ಯೂಲ್‌ಗೆ ಖಾತ್ರಿಯಾದ ಮೇಲೇ ಆರುತ್ತದೆ. ಅಲ್ಲಿಯವರೆಗೆ ಸಾಮಾನ್ಯ ಬ್ರೇಕ್ ಇರುತ್ತದೆ, ಎಬಿಎಸ್ ಇರುವುದಿಲ್ಲ. ಮುಂದಿನ ಗಾಡಿಯಿಂದ ಹೆಚ್ಚು ಅಂತರ ಇಟ್ಟುಕೊಳ್ಳಿ.