ಅಪ್‌ಡೇಟ್: ಪರ್ಜ್ ವಾಲ್ವ್ ತಂತಿಯಲ್ಲಿ 14ರ ಬದಲು 8.4 ವೋಲ್ಟ್

ಮಂಡ್ಯದ ನಮ್ಮ ಗ್ಯಾರೇಜಿಗೆ ಬಂದಿದ್ದ ಪೆಟ್ರೋಲ್ ಕಾರೊಂದರಲ್ಲಿ, ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದರೂ ಪೆಟ್ರೋಲ್ ಆವಿಯನ್ನು ಇಂಜಿನಿಗೆ ಬಿಡುವ ಪರ್ಜ್ ವಾಲ್ವಿನ ಕಂಟ್ರೋಲ್ ತಂತಿಯಲ್ಲಿ ಮಲ್ಟಿಮೀಟರ್ 8.4 ಮಾತ್ರ ತೋರಿಸುತ್ತಿದೆ, ವೈರಿಂಗ್ ಕೆಟ್ಟಿದೆಯೇ ಎಂದು ಕಳೆದ ವಾರ ಕೇಳಿದ್ದೆ. ವೈರಿಂಗ್ ಸರಿಯಾಗಿಯೇ ಇತ್ತು.

ಅರ್ಥ್ ಬೋಲ್ಟ್ ಉಜ್ಜಿದ್ದರಿಂದಾಗಲಿ, ರಿಲೇ ಬದಲಿಸಿದ್ದರಿಂದಾಗಲಿ ಪ್ರಯೋಜನವಾಗಲಿಲ್ಲ. ಡ್ಯೂಟಿ ಸೈಕಲ್ (ಪ್ರತಿ ಸುತ್ತಿನಲ್ಲಿ ಸಿಗ್ನಲ್ ಆನ್ ಇರುವ ಹೊತ್ತಿನ ಪಾಲು) ನೋಡಿ ಎಂದವರ ಸಲಹೆಯೇ ದಾರಿ ತೋರಿತು; ಅವರಿಗೆ ಮನಃಪೂರ್ವಕ ಕೃತಜ್ಞತೆಗಳು. ಮೈಸೂರಿನ ಸ್ನೇಹಿತರೊಬ್ಬರಿಂದ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ತಂದು ಜೋಡಿಸಿದಾಗ, ಸಿಗ್ನಲ್ 100 ಮಿಲಿಸೆಕೆಂಡಿಗೊಮ್ಮೆ, ಅಂದರೆ 10 ಹರ್ಟ್ಸ್ ಆವರ್ತನದಲ್ಲಿ ಮರುಕಳಿಸುತ್ತಿದ್ದು, ಪ್ರತಿ ಸಲವೂ 40 ಮಿಲಿಸೆಕೆಂಡ್ ಸೊನ್ನೆಯ ಬಳಿಯೂ ಉಳಿದ 60 ಮಿಲಿಸೆಕೆಂಡ್ 14 ವೋಲ್ಟಿನ ಬಳಿಯೂ ನಿಲ್ಲುತ್ತಿರುವುದು ಕಂಡಿತು. ಡಿಸಿಯಲ್ಲಿಟ್ಟ ಮೀಟರ್ ತೋರಿಸುವುದು ಸರಾಸರಿಯನ್ನು. 14ರ ಶೇಕಡಾ 60 ಎಂದರೆ ಅದೇ 8.4.

ನನಗೆ ಅತ್ಯಂತ ಆಶ್ಚರ್ಯವೆನಿಸಿದ್ದು ಮುಂದಿನ ಸಂಗತಿ. ಮೀಟರ್ ವೋಲ್ಟೇಜ್ ಮೇಲಿರುವ ಹೊತ್ತನ್ನು ಲೆಕ್ಕಹಾಕಿ ಡ್ಯೂಟಿ ಸೈಕಲ್ ಶೇಕಡಾ 60 ಎಂದರೂ ವಾಲ್ವನ್ನು ತೆರೆಯುವ ಕಾಯಿಲ್ ಆನ್ ಇರುತ್ತಿದ್ದುದು ಶೇಕಡಾ 40ರಷ್ಟು ಕಾಲ ಮಾತ್ರ, ಏಕೆಂದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಈ ವಾಲ್ವನ್ನು ಅರ್ಥ್ ಕಡೆಯಿಂದ ಸ್ವಿಚ್ ಮಾಡುತ್ತದೆ, ಆದ್ದರಿಂದ ವೋಲ್ಟೇಜ್ ಕೆಳಗಿಳಿದ ಹೊತ್ತೇ ಅದು ಕೆಲಸ ಮಾಡುವ ಹೊತ್ತು. ಕಾಯಿಲ್ ಆಫ್ ಆಗುವ ಕ್ಷಣದಲ್ಲಿ ಏಳುವ ಎತ್ತರದ ವೋಲ್ಟೇಜ್ ಸ್ಪೈಕ್ ಸಹ ಸ್ಕೋಪಿನಲ್ಲಿ ಮಾತ್ರ ಕಾಣಿಸಿತು.

ನಿಜವಾದ ದೋಷ ವಾಲ್ವಿನೊಳಗೇ ಇತ್ತು: ಕನೆಕ್ಟರ್ ಕಳಚಿದಾಗ ವಾಲ್ವ್ ಮುಚ್ಚಿರಬೇಕು, ಊದಿದರೆ ಗಾಳಿ ದಾಟಬಾರದು, ಆದರೆ ಸಲೀಸಾಗಿ ದಾಟಿತು. ಪೆಟ್ರೋಲ್ ತುಂಬಿಸಿದ ಮೇಲೆ ಕಾರು ಸುಲಭವಾಗಿ ಸ್ಟಾರ್ಟ್ ಆಗದಿದ್ದುದಕ್ಕೂ ಹೀಗೆ ಸೋರಿ ಇಂಜಿನಿಗೆ ನುಗ್ಗುವ ಆವಿಯೇ ಕಾರಣವಾಗಿತ್ತು. ಹೊಸ ವಾಲ್ವ್ ಹಾಕಿ ಇಸಿಯುವಿನಲ್ಲಿ ದಾಖಲಾಗಿದ್ದ ದೋಷದ ಕೋಡ್ ಅಳಿಸಿದ್ದೇವೆ. ಡ್ಯಾಶ್‌ಬೋರ್ಡಿನ ಚೆಕ್ ಇಂಜಿನ್ ದೀಪ ಮತ್ತೆ ಹೊತ್ತಿಕೊಂಡಿಲ್ಲ.